ಡಾಸ್ ಫ್ಲಾಪಿಗೆ ಕುಂಕುಮ

“ಫ್ಲಾಪಿಗೆ ಯಾರಾದ್ರೂ ಕುಂಕುಮ ಇಡ್ತಾರಾ?” ಕಂಪ್ಯೂಟರ್ ಆಪರೇಟರ್ ಗಂಗರತ್ನ ಖಾಲಿ ಆಫೀಸಿನ ಗೋಡೆಯನ್ನೇ ಕೇಳಿದಳು.

ಆಯುಧಪೂಜೆಯ ದಿನ ಮ್ಯಾನೇಜರ್ ಕೃಷ್ಣಯ್ಯನವರು ಕಾರ್ಖಾನೆಯ ಲೇತ್ ಯಂತ್ರಗಳ ಜೊತೆಗೆ, ಕಂಪ್ಯೂಟರನ್ನು ಎಬ್ಬಿಸುವ ಡಾಸ್ ಫ್ಲಾಪಿಗೂ, ಅದರ ತೆರೆದ ಕಿಂಡಿಯ ಮೇಲೇ, ಭಕ್ತಿಯಿಂದ ಗಂಧ ಕುಂಕುಮ ಹಚ್ಚಿದ್ದರು. ಇಂದು ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಏಳಲಿಲ್ಲ; ಎಬ್ಬಿಸಬೇಕಾದ ಫ್ಲಾಪಿಯೂ ಕುಂಕುಮ ಮೆತ್ತಿ ಕೆಟ್ಟಿತ್ತು. ಮುಂದಿನ ವಾರ ಗಂಗರತ್ನಳ ಕೆಲಸ ಕಾಯಂ ಆಗಬೇಕಿತ್ತು.

ಅವಳು ಹಲ್ಲು ಕಚ್ಚಿಕೊಂಡು ರಾಜಾಜಿನಗರದ ಬಿಸಿಲಲ್ಲಿ ನಾಲ್ಕು ಕಾರ್ಖಾನೆ ಅಲೆದು, ಒಂದು ಫ್ಲಾಪಿ ಬೇಡಿ ತಂದು ಯಂತ್ರವನ್ನು ಎಬ್ಬಿಸಿದಳು. ಹಾರ್ಡ್ ಡಿಸ್ಕಿನ ಎರಡನೇ ಭಾಗದಲ್ಲಿ ತಾನೇ ಹಿಂದೆ ಇಟ್ಟಿದ್ದ ಡಾಸ್ ಪ್ರತಿಯನ್ನು ಮೊದಲ ಭಾಗಕ್ಕೆ ಹಾಕಿದಳು. ಸಂಜೆಗೆ ಎಲ್ಲ ಸರಿಹೋಯಿತು.

ಕೃಷ್ಣಯ್ಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. “ಫ್ಲಾಪಿ ಕೆಡಿಸಿದ್ಯಾರು ಅಂತ ಯಜಮಾನ್ರು ಕೇಳ್ತಾವ್ರಮ್ಮ. ನೀನೇ ಅಂದ್ಬಿಡು. ಹೆಣ್ಮಗು, ಜಾಸ್ತಿ ಬೈಯಲ್ಲ.”

“ಕೈ ನಿಮ್ದು, ಭಕ್ತಿ ನಿಮ್ದು, ಬೈಗುಳ ಮಾತ್ರ ನಂದಾ ಸಾರ್? ನಾನು ಹೇಳಲ್ಲ.”