ಬಿಳಿ ನಾಯಿಯ ಮಾರ್ಚ್

"ನಾನು ದೊಡ್ಡವಳಾದ ಮೇಲೆ ಇದನ್ನೇ ಹೊಸತು ತಂದುಕೊಡ್ತೇನೆ ಪಪ್ಪ" ಎಂದು ಬರ್ಥಾ ಮಾತು ಕೊಟ್ಟಾಗ ಅವಳಿಗೆ ಏಳು ವರ್ಷ. ಮಂಗಳೂರಿನ ಮನೆಯ ಪೆಟ್ಟಿಗೆಯಲ್ಲಿದ್ದ ಬ್ಯಾಂಡಿನವರು ಊದುವ ಮಾರ್ಚೊಂದರ ಸ್ವರಲಿಪಿ ಪುಸ್ತಕವನ್ನು ಗೆದ್ದಲು ಹೆಸರು ಸಮೇತ ತಿಂದು, ಮುಖಪುಟದ ಅರ್ಧ ಪಟವನ್ನಷ್ಟೇ ಉಳಿಸಿತ್ತು: ಸೇತುವೆ ದಾಟುವ ಕೆಂಪು ಕೋಟಿನ ಬ್ಯಾಂಡು, ಅದರ ಮುಂದೊಂದು ಬಿಳಿ ನಾಯಿ, ಮೂಲೆಯಲ್ಲಿ ಅದು ಅಚ್ಚಾದ ಊರು ಸಿಡ್ನಿಯ ಹೆಸರು. ಮದುವೆ ದಿಬ್ಬಣಗಳಲ್ಲಿ ಕಾರ್ನೆಟ್ ತುತ್ತೂರಿ ಊದುತ್ತಿದ್ದ ಅಪ್ಪ ಕಜೆತಾನ್ ಆಮೇಲೆ ಆ ಮಾರ್ಚನ್ನು ನೆನಪಿನಿಂದಲೇ ಊದಿದರು. ವರ್ಷ ಕಳೆದಂತೆ ನಡುವಿನ ಭಾಗ ಮರೆತೇಹೋಯಿತು.

ಈಗ ಅವರು ಸಿಡ್ನಿ ಇರುವ ದೇಶದಲ್ಲೇ, ಟಾರ್ನೀಟ್ ಎಂಬ ಊರಿನ ಮಗಳ ಮನೆಯಲ್ಲಿದ್ದಾರೆ. ಸೋಮವಾರ ಎದುರಿನ ಹಲ್ಲುಗಳನ್ನು ಕೀಳಿಸಬೇಕು. ಆ ಹಲ್ಲಿಲ್ಲದೆ ಕಾರ್ನೆಟ್ ಊದಲಾಗದು. "ಅದಕ್ಕೆ ಮೊದಲು ಆ ಮಾರ್ಚ್ ಒಮ್ಮೆ ಪೂರ್ತಿ ಊದಬೇಕಿತ್ತು" ಎಂದು ಅವರು ಅಂದದ್ದೇ, ಬರ್ಥಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಶಿಫ್ಟ್ ಬದಲಾಯಿಸಿ, ಫ್ಲೈಟ್ ಬುಕ್ ಮಾಡಿ, ಶನಿವಾರವಿಡೀ ಸಿಡ್ನಿಯ ಹಳೇ ಪುಸ್ತಕದಂಗಡಿಗಳನ್ನು ಜಾಲಾಡಿದಳು. ಸಂಜೆ ಒಂದು ಅಂಗಡಿಯ ಗೋಡೆಯ ಮೇಲೆ ಅದೇ ಬಿಳಿ ನಾಯಿಯ ಪುಸ್ತಕ ಕಂಡಿತು.

"ಒಳಗಿನ ಹಾಳೆ ಎಲ್ಲ ಇವೆಯಾ?"

"ಇವೆ. ಒಳಗೆ ನೋಡೋರು ಯಾರು? ಎಲ್ಲ ಫ್ರೇಮ್ ಹಾಕ್ಸೋಕೆ ಒಯ್ತಾರೆ" ಅಂದ ಅಂಗಡಿಯವ.

ಅವಳು ಫೋಟೋ ಕಳಿಸಿದ ಕೂಡಲೇ ಕಜೆತಾನ್ ಮೊಮ್ಮಗಳು ಜೆನಿಸಳ ಫೋನಿನಿಂದ ಮಾತಾಡಿದರು. "ಅದೇ ನಾಯಿ, ಬಾಯೇ. ತಾ ಮಗಳೇ."

ಬರ್ಥಾಳಿಗೆ ಸ್ವರಲಿಪಿ ಓದಲು ಬಾರದು. ಕೊಂಡ ಪುಸ್ತಕವನ್ನು ವಿಮಾನದಲ್ಲಿ ಮತ್ತೆ ಮತ್ತೆ ತೆಗೆದು ನಾಯಿಯನ್ನೇ ನೋಡಿದಳು.

ಭಾನುವಾರ ಅವಳು ಮನೆ ಹೊಕ್ಕಾಗ ಕಜೆತಾನ್ ಗಡ್ಡ ಬೋಳಿಸಿ, ಕಾರ್ನೆಟ್ ಉಜ್ಜಿ ಕಾಯುತ್ತಿದ್ದರು. ಮುಖಪುಟವನ್ನು ಬೆರಳಿನಿಂದ ಸವರಿದರು. ಪುಟ ತೆರೆದು ಮೆಲ್ಲಗೆ ಗುನುಗಿದರು. ನಿಲ್ಲಿಸಿದರು.

"ಪಟ ಅದೇ. ಮಾರ್ಚ್ ಬೇರೆ."

"ಬೇರೆ ಅಂದ್ರೆ ಎಂಥದು? ನಾಯಿ ಉಂಟಲ್ಲ ಪಪ್ಪ."

"ನಾಯಿ ಉಂಟು. ಪಟ ಚೆಂದ ಬಂತೂಂತ ಅಚ್ಚಿನ ಕಂಪೆನಿಯವ್ರು ಅದನ್ನೇ ನಾಲ್ಕು ಮಾರ್ಚಿಗೆ ಹಾಕಿ ಮಾರಿದ್ದಾರೆ ಕಾಣ್ತದೆ. ನಿನ್ನ ಬಿಸ್ಕೆಟ್ ಡಬ್ಬಿಯಲ್ಲಿ ಸೂಜಿನೂಲು ಇಲ್ವಾ, ಹಾಗೆ."

"ಮಮ್ಮಾ, ಕ್ಯಾನ್ ಯು ರಿಟರ್ನ್ ಇಟ್?" ಎಂದಳು ಜೆನಿಸ್.

"ರಿಟರ್ನ್ ಎಂಥಕ್ಕೆ? ಹಲ್ಲು ಇವತ್ತು ಉಂಟಲ್ಲ." ಕಜೆತಾನ್ ಪುಸ್ತಕವನ್ನು ಹಣ್ಣಿನ ಬುಟ್ಟಿಗೆ ಒರಗಿಸಿ, ತುಟಿ ಒದ್ದೆ ಮಾಡಿಕೊಂಡು ಊದತೊಡಗಿದರು. ಎಂದೂ ಕೇಳದ ಮಾರ್ಚ್. ತಡವರಿಸಿದಲ್ಲಿ ನಿಲ್ಲದೆ, ಕೊನೆಯ ಹಾಳೆಯವರೆಗೂ. ಬರ್ಥಾ ಹೆಗಲ ಬ್ಯಾಗು ಇಳಿಸದೆ ಪಕ್ಕದಲ್ಲೇ ನಿಂತು, ಅವರು ತಲೆಯಾಡಿಸಿದಾಗಲೆಲ್ಲ ಹಾಳೆ ತಿರುವಿದಳು.

ಸೋಮವಾರ ಹಲ್ಲು ಕೀಳಿಸಿದರು. ಬರ್ಥಾ ಕೊಟ್ಟ ಮಾತು ನಡೆಯಲಿಲ್ಲ.