ಅಡುಗೆಮನೆ ತಲುಪದ ಕೈಮಾತು

ನನ್ನನ್ನು ಈ ಮನೆಯವರು ವೈಫೈ ಡಬ್ಬಿ ಎನ್ನುತ್ತಾರೆ. ಅಂಗಡಿಯಲ್ಲಿ ರೂಟರ್ ಎನ್ನುತ್ತಿದ್ದರು. ಯಾವುದೋ ಕಾರ್ಖಾನೆಯಲ್ಲಿ ನನಗೆ ಎರಡು ಕೊಂಬು ಕೂಡಿಸಿ, ಒಮ್ಮೆ ದೀಪ ಉರಿಸಿ ನೋಡಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಹಾಕಿದರು. ಗದಗಿನ ಒಂದು ಅಂಗಡಿಯಲ್ಲಿ ಕೆಲಕಾಲ ಧೂಳು ತಿಂದೆ. ಆಮೇಲೆ ಕೇಬಲ್‌ನವನು ನನ್ನನ್ನು ಬೈಕಿನಲ್ಲಿ ಒಯ್ದು, ಚನ್ನಬಸು ಎಂಬವನ ಮನೆಯ ಪಡಸಾಲೆಯಲ್ಲಿ ಟಿವಿಯ ಮೇಲಿನ ಮೊಳೆಗೆ ನೇತುಹಾಕಿದ.

ನನ್ನಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಒಂದಕ್ಕೆ ಓಟ ಹೆಚ್ಚು, ಆದರೆ ಗೋಡೆ ಎದುರಾದರೆ ಸೋಲುತ್ತದೆ. ಇನ್ನೊಂದು ನಿಧಾನ, ಆದರೆ ಗೋಡೆ ದಾಟಿ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದರು. ಟಿವಿಯೂ ಪಡಸಾಲೆಯ ಫೋನುಗಳೂ ಮೊದಲನೆಯದನ್ನು ಹಿಡಿದವು. ಎರಡನೆಯದನ್ನು ಹಿಡಿದದ್ದು ಅಡುಗೆಮನೆಯ ಒಂದೇ ಒಂದು ಫೋನು. ಅದು ಚನ್ನಬಸುವಿನ ಹೆಂಡತಿ ಮಹಾನಂದಾಳದು; ಅದಕ್ಕೆ ಬೇರೆ ನೆಟ್ ಹಾಕಿಸಿರಲಿಲ್ಲ.

ಮಹಾನಂದಾಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮನೆಯವರ ಜೊತೆ ಅವಳ ಮಾತು ಅನ್ನ, ನೀರು, ಕರೆಂಟು, ಯಾರು ಬಂದರು, ಇಷ್ಟರಲ್ಲೇ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಸನ್ನೆಯನ್ನು ಯಾರೂ ಕಲಿತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅವಳು ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ, ವಿಜಯಪುರದ ಇಂದುಮತಿಗೆ ವಿಡಿಯೊ ಕರೆ ಮಾಡುತ್ತಿದ್ದಳು. ಇಬ್ಬರೂ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಕೂಡಿ ಬೆಳೆದವರು. ಆಗ ನೋಡಬೇಕಿತ್ತು ಆ ಕೈಗಳನ್ನು! ಜಗಳ, ಚಾಡಿ, ಗಂಡಂದಿರ ನಕಲು. ಹುಬ್ಬು ಹಾರುತ್ತಿತ್ತು, ಕೆನ್ನೆ ಉಬ್ಬುತ್ತಿತ್ತು. ಒಮ್ಮೊಮ್ಮೆ ಬರೀ ಅಳು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅವಳೆಂಬುದು ನನಗೆ ಮಾತ್ರ ಗೊತ್ತಿತ್ತು.

ಒಂದು ಮುಂಜಾನೆ ಕಂಪನಿಯಿಂದ ನನಗೊಂದು ಅಪ್‌ಡೇಟ್ ಬಂತು. ದೀಪ ಆರಿ ಮತ್ತೆ ಹೊತ್ತಿದಾಗ ನನ್ನ ಎರಡು ಹೆಸರು ಒಂದಾಗಿದ್ದವು. ಯಾರಿಗೆ ಯಾವ ಅಲೆ ಎಂದು ಇನ್ನು ನಾನೇ ಆರಿಸಬೇಕು, ವೇಗದ್ದನ್ನೇ ಮೊದಲು ಕೊಡಬೇಕು ಎಂದು ಅಪ್ಪಣೆ. ಕೊಟ್ಟೆ. ಅಡುಗೆಮನೆಗೆ ಹೊರಟದ್ದು ನಡುವಿನ ಗೋಡೆಗಳಲ್ಲಿ ಸೋರಿಹೋಯಿತು. ಫೋನಿನಲ್ಲಿ ಇಂದುಮತಿಯ ಕೈ ಅರ್ಧಕ್ಕೆ ನಿಂತು ಚೌಕ ಚೌಕವಾಗಿ ಒಡೆಯಿತು.

ಚನ್ನಬಸು ನನ್ನ ಸ್ವಿಚ್ ಆರಿಸಿ ಹಾಕಿ ನೋಡಿದ. ಸರಿಹೋಗದಿದ್ದಾಗ ಕೇಬಲ್‌ನವನನ್ನು ಕರೆಸಿದ. ಅವನು ನನ್ನ ಕೆಳಗೆ ನಿಂತು, ಅಡುಗೆಮನೆಯಲ್ಲಿದ್ದ ಚನ್ನಬಸುವಿಗೆ ವೈಫೈ ಮೇಲೆಯೇ ಫೋನ್ ಹಚ್ಚಿದ.

"ಹಲೋ, ಹಲೋ! ಕೇಳಾಕತ್ತೈತೇನ್ರಿ?"

"ಹೂಂ, ಕೇಳತೈತಿ."

"ಮತ್ತ? ಎಲ್ಲಾ ಬರೋಬ್ಬರಿ ಐತಲ್ರೀ!"

ದನಿ ದಾಟಲು ಸೋರಿ ಉಳಿದಷ್ಟು ಅಲೆ ಸಾಕು, ಚಿತ್ರಕ್ಕೆ ಸಾಲದು. ಮಹಾನಂದಾ ನಡುವೆ ನಿಂತು ತನ್ನ ಕಣ್ಣನ್ನೂ ಕೈಗಳನ್ನೂ ತೋರಿಸುತ್ತಲೇ ಇದ್ದಳು. "ಅಕ್ಕಾರ, ಮೆಸೇಜ್ ಕಳಸ್ರಿ, ಹೊಕ್ಕೈತಿ," ಎಂದು ಕೇಬಲ್‌ನವನು ಅವಳಿಗೆ ಗಟ್ಟಿಯಾಗಿ ಕೂಗಿ ಹೇಳಿದ.

"ಮಾತ ಬರದಾಕಿಗೆ ಎಂಥಾ ಸ್ಪೀಡೋ ತಮ್ಮಾ!" ಎಂದಳು ಅತ್ತೆ ಗೌರವ್ವ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ ಅದು.

ಬರಹ ಆ ಗೆಳತಿಯರಿಗೆ ಎರವಲು ಭಾಷೆ. ಅದರಲ್ಲಿ ಹೇಳಬೇಕಾದದ್ದು ಹಿಡಿಯುತ್ತಿರಲಿಲ್ಲ. ಇಂದುಮತಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ನಿನ ಹಿಂದಿನ ದಿನ ಅವಳು ಬರೆದದ್ದು ಇಷ್ಟೇ: "ಇವತ್ತು ಮಾತು ಬೇಕು."

ನನ್ನ ಕೆಳಗೆ ನಿಂತರೆ ಚಿತ್ರ ಚೆನ್ನಾಗಿ ಬರುತ್ತದೆಂದು ಅಷ್ಟರಲ್ಲಿ ಮಹಾನಂದಾ ಕಂಡುಕೊಂಡಿದ್ದಳು. ಆದರೆ ಅವತ್ತು ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದು ಪಡಸಾಲೆ ತುಂಬಿತ್ತು. ಫೋನು ಹಿಡಿದು ಬಂದ ಸೊಸೆಯನ್ನು ಗೌರವ್ವ ಬಾಗಿಲಲ್ಲೇ ತಡೆದಳು. ಗದ್ದ ಹಿಡಿದು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಮಂದಿ ಕುಂತಾರ, ನಮ್ಮವ್ವ. ಅವರ ಮುಂದ ಮಾರಿ ಹಂಗ ಹಿಂಗ ಮಾಡಬ್ಯಾಡ. ಒಳಗ ಹೋಗು."

ಮಹಾನಂದಾ ಫೋನನ್ನು ಅವಳತ್ತ ತಿರುಗಿಸಿದಳು. ಅದರಲ್ಲಿ ಆಸ್ಪತ್ರೆಯ ಹಸಿರು ಅಂಗಿ ತೊಟ್ಟ ಹೆಂಗಸು ಕಾಯುತ್ತಿದ್ದಳು.

"ಆಮ್ಯಾಲ ಮಾಡೀಯಂತ," ಎಂದು ಗೌರವ್ವ ನೋಡದೆಯೇ ಹೇಳಿದಳು.

ಮಹಾನಂದಾ ಒಳಗೆ ಹೋದಳು. ಇಂದುಮತಿಯ ಕೈ ಎದೆಯ ಮೇಲೆ ಬಂದು ನಿಂತಿತು, ಒಡೆಯಿತು. ಇನ್ನೊಮ್ಮೆ ಹೇಳು ಎಂದಳು ಮಹಾನಂದಾ. ಮತ್ತೆ ಎದೆಯ ಮೇಲೆ ಕೈ, ಮತ್ತೆ ಚೌಕಗಳು. ಫೋನನ್ನು ಕಿಟಕಿಗೆ ಹಿಡಿದಳು, ಹಿತ್ತಿಲ ಬಾಗಿಲಿಗೆ ಒಯ್ದಳು. ಪಡಸಾಲೆಯಲ್ಲಿ ವರನ ಸೋದರಮಾವ ಕ್ರಿಕೆಟ್ ನೋಡುತ್ತ, "ಏನ್ ಫಾಸ್ಟ್ ಐತ್ರಿ ನಿಮ್ಮ ವೈಫೈ!" ಎಂದ. ಇಂದುಮತಿ ಹೇಳಿದ್ದೆಲ್ಲ ನನ್ನ ತನಕ ಪೂರ್ತಿ ಬಂದಿತ್ತು. ಆದರೆ ನಾನು ದಾಟಿಸಬಲ್ಲೆನೇ ಹೊರತು ಹಿಡಿದಿಡಲಾರೆ.

ಇಂದುಮತಿ ಆಪರೇಷನ್ನಿನಿಂದ ಏಳಲಿಲ್ಲ.

ಆಮೇಲೆ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಮಹಾನಂದಾ ಸ್ಟೂಲು ಹತ್ತಿ ನನ್ನ ಹೊಟ್ಟೆಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಯ ಫೋಟೊ ತೆಗೆದಳು. ತನ್ನ ಫೋನಿನಲ್ಲೇ ನನ್ನ ಸೆಟ್ಟಿಂಗ್ ತೆರೆದು, ತಡಕಾಡಿ, ಎರಡು ಅಲೆಗಳನ್ನು ಮತ್ತೆ ಬೇರೆ ಮಾಡಿದಳು. ಗೋಡೆ ದಾಟುವ ಅಲೆಗೆ ಇಂದುಮತಿ ಎಂದು ಹೆಸರಿಟ್ಟಳು. ಅಡುಗೆಮನೆಯಲ್ಲಿ ಚಿತ್ರ ಈಗ ಸಲೀಸಾಗಿ ಓಡುತ್ತಿತ್ತು. ಕರೆ ಮಾಡಲು ಯಾರೂ ಇರಲಿಲ್ಲ.

ಮುಂದಿನ ಸಲ ಬೀಗರು ಬಂದಾಗ ವರ ಫೋನು ನೋಡುತ್ತ, "ಇಂದುಮತಿ ಅಂತ ತೋರಸ್ತೈತಿ, ನಿಮ್ಮದೇನ್ರಿ?" ಎಂದ.

"ಯಾರಾಕಿ ಇಂದುಮತಿ?" ಎಂದಳು ಗೌರವ್ವ.

"ಯಾರಿಗ್ಗೊತ್ತವ್ವ, ಕಂಪನ್ಯಾವ್ರು ಇಟ್ಟಿರಬೇಕು," ಎಂದ ಚನ್ನಬಸು.

ಚಹಾ ಹಿಡಿದು ನಿಂತ ಮಹಾನಂದಾ ಅವರ ತುಟಿಗಳನ್ನು ನೋಡಿದಳು. ಕಪ್ಪು ಕೊಟ್ಟು ಒಳಗೆ ಹೋದಳು.

ಈಗ ಆ ಮೊಳೆಗೆ ಹೊಸ ಡಬ್ಬಿ ಬಂದಿದೆ. ನನ್ನ ವೈರು ಕಿತ್ತು ಗುಜರಿಗೆಂದು ತೆಗೆದಿಟ್ಟಿದ್ದರು; ಮಹಾನಂದಾ ಒಯ್ದು ಬೇಳೆ ಡಬ್ಬಿಗಳ ಹಿಂದೆ ಇಟ್ಟುಕೊಂಡಿದ್ದಾಳೆ. ನನ್ನಿಂದ ಈಗ ಯಾವ ಹೆಸರೂ ಹೊರಡುವುದಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಅವಳು ನನ್ನೆದುರು ನಿಂತು ಎದೆಯ ಮೇಲೆ ಕೈ ಇಡುತ್ತಾಳೆ. ಅಲ್ಲಿಂದ ಮುಂದೆ ಆ ಕೈ ಎಲ್ಲಿಗೆ ಹೋಗಿರಬಹುದೆಂದು ಒಂದೊಂದೇ ಸನ್ನೆ ಮಾಡಿ ನೋಡುತ್ತಾಳೆ. ಯಾವುದಕ್ಕೂ ಹೌದೆನ್ನಲು ನನ್ನಲ್ಲಿ ಏನೂ ಉಳಿದಿಲ್ಲ.