ಗುಂಡಣ್ಣನ ಕುಲಾವಿ

ಹದಿನಾರು ಎಂಬ ಊರಿನ ಮಂಚಮ್ಮನ ಕೈಗೆ ಸೂಜಿ ಯಾವಾಗ ಹತ್ತಿತೋ ಅವಳಿಗೇ ನೆನಪಿರಲಿಲ್ಲ. ರೈತರ ಮನೆಯ ಹೆಂಗಸಿಗೆ ಕುಡುಗೋಲು ಇದ್ದರೆ ಸಾಕು, ಸೂಜಿ ಯಾಕೆ ಎಂದು ಕೇಳಿದವರು ಊರಲ್ಲಿ ಬೇಕಾದಷ್ಟು ಜನ. ಹಾಗೆ ಕೇಳಿದವರೇ ಹರಿದ ಅಂಗಿ ಹಿಡಿದುಕೊಂಡು ಅವಳ ಜಗಲಿಗೆ ಬರುತ್ತಿದ್ದರು ಅನ್ನುವುದು ಬೇರೆ ಮಾತು. ಗಂಡ ಚಾಮಯ್ಯನ ಎಲೆಅಡಿಕೆ ಚೀಲ, ಮಕ್ಕಳ ಅಂಗಿ, ಲಂಗ, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ, ಹೀಗೆ ಆ ಮನೆಯಲ್ಲಿ ಅವಳ ಕೈ ತಾಕದ ಬಟ್ಟೆಯೇ ಇರಲಿಲ್ಲ. ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಎಲ್ಲರೂ ರಾಗಿ ಚೀಲ, ಪಾತ್ರೆಪಗಡಿ ಹೊತ್ತರೆ ಇವಳು ಮೊದಲು ಎತ್ತಿಕೊಂಡದ್ದು ಸೂಜಿಯ ಡಬ್ಬಿಯನ್ನು.

"ನನ್ನಾರ ಬುಟ್ಟಾಳು, ಡಬ್ಬಿ ಬುಡಾಕಿಲ್ಲ ಇವ್ಳು" ಎಂದು ಚಾಮಯ್ಯ ದಾರಿಯುದ್ದಕ್ಕೂ ನಗಾಡಿದ್ದ.

ಅಂಥವಳು ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ವರ್ಷಗಳೇ ಕಳೆದಿದ್ದವು. ಅದಕ್ಕೆ ಕಾರಣ ಒಂದು ಕುಲಾವಿ.

ಒಬ್ಬಳೇ ಮಗಳು ಮುತ್ತಮ್ಮನನ್ನು ಮೂಗೂರಿಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ ಎಂದು ಸುದ್ದಿ ಬಂದದ್ದೇ ತಡ, ಮಂಚಮ್ಮ ನಂಜನಗೂಡಿನ ಅಂಗಡಿಯಿಂದ ಕೆಂಪು ಚೀಟಿ ಬಟ್ಟೆ ತರಿಸಿದಳು. ತಲೆಗೊಂದು ಟೊಪ್ಪಿಗೆ, ಅದರ ಹಿಂದೆ ಬೆನ್ನು ಮುಚ್ಚುವಂತೆ ಇಳಿಬಿದ್ದ ಬಟ್ಟೆ, ಗದ್ದದ ಕೆಳಗೆ ಕಟ್ಟಲು ಲಾಡಿ. ನೋಡಿದವರ ಕಣ್ಣು ತುಂಬುವಂಥ ಕುಲಾವಿ ಅದು. ಕೂಸು ಹುಟ್ಟಿತು, ಆದರೆ ಅಳಲಿಲ್ಲ. ಅದನ್ನು ಮಣ್ಣಿಗೆ ಕೊಟ್ಟು ಬಂದ ದಿನ ಮುತ್ತಮ್ಮನ ಅತ್ತೆ ದೊಡ್ಡತಾಯಮ್ಮನ ಕಣ್ಣಿಗೆ ಗೋಡೆಯ ಗೂಡಿನಲ್ಲಿದ್ದ ಕುಲಾವಿ ಬಿತ್ತು.

"ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲುದ್ರೆ ಇನ್ನೇನಾದದು? ಇರಿಯರು ಸುಮ್ಸುಮ್ನೆ ಗಾದೆ ಮಾಡವ್ರಾ?" ಎಂದು ನೆರೆದವರ ಮುಂದೆಯೇ ಅಂದುಬಿಟ್ಟಳು.

ಗಾದೆ ಇರುವುದು ಆತುರಗೇಡಿಗಳನ್ನು ನೋಡಿ ನಗುವುದಕ್ಕೇ ಹೊರತು ಕೂಸುಗಳನ್ನು ಕೊಲ್ಲುವುದಕ್ಕಲ್ಲ. ಅಷ್ಟು ಹೇಳುವ ಬಾಯಿ ಅಲ್ಲಿ ಒಂದೂ ಇರಲಿಲ್ಲ. ಮಂಚಮ್ಮನಿಗೂ ಒಳಗೊಳಗೇ ದೊಡ್ಡತಾಯಮ್ಮನ ಮಾತೇ ನಿಜ ಅನಿಸಿತ್ತು. ಮೊಮ್ಮಗನನ್ನು ತಿಂದ ಕೈ ಇದು ಎಂದು ತನ್ನ ಕೈಯನ್ನು ತಾನೇ ನೋಡಿಕೊಂಡು ಎಷ್ಟೋ ಸಲ ಅತ್ತಿದ್ದಳು.

ಈಗ ಮುತ್ತಮ್ಮ ಮತ್ತೆ ಬಸುರಿ. ಬಾಣಂತನಕ್ಕೆ ತವರಿಗೆ ಕಳಿಸುವ ಮುಂಚೆ ದೊಡ್ಡತಾಯಮ್ಮ ತಾನೇ ಗಾಡಿ ಕಟ್ಟಿಸಿಕೊಂಡು ಹದಿನಾರಿಗೆ ಬಂದಳು. ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ನೇರ ಮಾತಿಗೆ ಇಳಿದಳು.

"ಕಳಿಸಾಕಿಲ್ಲ ಅನ್ನಾಕಿಲ್ಲ ಮಂಚಮ್ಮ. ಆದ್ರೆ ಕೂಸಿಗೆ ಅಂತ ನೀನು ಒಂದು ಒಲಿಗೆ ಆಕ್ಕೂಡ್ದು. ಉಟ್ಟೋಕ್ ಮುಂಚೇನೂ ಇಲ್ಲ, ಉಟ್ಟಿದ್ ಮ್ಯಾಲೂ ಇಲ್ಲ. ನಿನ್ ಕೈಯ ಒಸ ಬಟ್ಟೆ ನನ್ ಮೊಮ್ಮಗೀಗೆ ಬ್ಯಾಡ. ಯಾರಾರ ಆಕ್ ಬುಟ್ಟ ಅಳೇದೇ ಸಾಕು."

"ಆಯ್ತು ಕಣಕ್ಕಾ. ಕೂಸಿಗೆ ಅಂತ ಸೂಜಿ ಮುಟ್ಟಾಕಿಲ್ಲ" ಎಂದಳು ಮಂಚಮ್ಮ. ಇನ್ನೇನು ಹೇಳಿಯಾಳು? ಮಗಳು ಬಂದರೆ ಸಾಕಾಗಿತ್ತು.

ಮಗಳು ಬಂದಳು. ಆದರೆ ಬಂದವಳ ಮುಖದಲ್ಲಿ ಗೆಲುವಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಸು ಮಿಸುಕಿತೋ ಇಲ್ಲವೋ ಎಂದು ಕಾಯುತ್ತ ಕೂರುತ್ತಿದ್ದಳು. ತಾಯಿ ಎದುರಿಗೆ ಕೈಕಟ್ಟಿ ಕೂರುತ್ತಿದ್ದಳು. ಒಂದು ದಿನ ಬೆಳಿಗ್ಗೆ ಮುತ್ತಮ್ಮನಿಗೆ ತಡೆಯಲಾಗಲಿಲ್ಲ.

"ಏನಾರ ಒಲಿಯವ್ವ. ನೀನು ಇಂಗೆ ಸುಮ್ನೆ ಕುಂತಿರಾದ್ ನೋಡುದ್ರೆ ನಂಗೆ ಎದೆ ಒಡ್ಕತದೆ. ಈ ಕೂಸ್ನ ಆಸೆ ನೀನೂ ಬುಟ್ಬುಟ್ಟೆ ಅನ್ನಂಗದೆ."

ಆ ಮಾತು ಮಂಚಮ್ಮನ ಕರುಳಿಗೇ ತಾಗಿತು. ಹೊಲಿದರೆ ಕೊಟ್ಟ ಮಾತು ಮುರಿಯಬೇಕು, ಹೊಲಿಯದಿದ್ದರೆ ಮಗಳ ಧೈರ್ಯ ಮುರಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರೆ ಒರಳಿನ ಪಕ್ಕದಲ್ಲಿ ಗುಂಡುಕಲ್ಲು ಕೂತಿತ್ತು. ರುಬ್ಬಿ ರುಬ್ಬಿ ನುಣುಪಾದ, ದುಂಡುತಲೆಯ ಕರಿಕಲ್ಲು.

ಆ ಸೀಮೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದಲ್ಲಿ ಮೊದಲು ಮಲಗುವುದು ಗುಂಡುಕಲ್ಲು. ಅದಕ್ಕೆ ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಇಟ್ಟು, ಬಟ್ಟೆ ಸುತ್ತಿ, ಗುಂಡಣ್ಣ ಎಂದು ಕರೆದು ತೂಗುತ್ತಾರೆ. ಮನೆಗೆ ಅವನೇ ಹಿರಿಯ ಮಗ. ಹಿಂದೆ ಬರುವ ಕೂಸು ಅವನಷ್ಟೇ ಗಟ್ಟಿಯಾಗಲಿ, ಕೆಟ್ಟ ಕಣ್ಣೆಲ್ಲ ಅವನಿಗೇ ತಾಗಲಿ ಎಂದು ಹಾರೈಸುತ್ತಾರೆ. ಮಂಚಮ್ಮ ಕಲ್ಲನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದಳು. ಆಮೇಲೆ ಹೋಗಿ ಅಟ್ಟಕ್ಕೆ ಏಣಿ ಹಾಕಿದಳು.

ಡಬ್ಬಿಯಲ್ಲಿದ್ದ ಸೂಜಿಗೆ ತುಕ್ಕು ಹಿಡಿದಿತ್ತು. ಬೂದಿಯಲ್ಲಿ ಉಜ್ಜಿ ಹೊಳಪು ಬರಿಸಿದಳು. ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿದಳು, ಒಳಗಡೆಗೆ ಚಾಮಯ್ಯನ ಹಳೆಯ ಪಂಚೆಯ ಮೆತ್ತನೆಯ ತುಂಡು ಕೊಟ್ಟಳು. ಅಂಚಿಗೆ ಹಸಿರು ನೂಲಿನಲ್ಲಿ ಗಿಳಿಗಳ ಸಾಲು. ವರ್ಷಗಟ್ಟಲೆ ಬಿಟ್ಟಿದ್ದ ಕೈ ಮೊದಮೊದಲು ತಡವರಿಸಿತು, ಆಮೇಲೆ ಅದನ್ನು ಹಿಡಿಯುವವರಿಲ್ಲ. ಮುತ್ತಮ್ಮ ಪಕ್ಕದಲ್ಲೇ ಕೂತು ಗಿಳಿಗೆ ಕೊಕ್ಕು ಕೆಂಪಿರಲಿ, ರೆಕ್ಕೆ ಹೀಗಿರಲಿ ಎಂದು ಹೇಳತೊಡಗಿದಳು. ಎರಡು ಹೊತ್ತು ಸರಿಯಾಗಿ ಉಂಡಳು ಕೂಡ.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಸೊಸೆಯನ್ನು ನೋಡಿಕೊಂಡು ಹೋಗೋಣವೆಂದು ದೊಡ್ಡತಾಯಮ್ಮ ಹೇಳದೆ ಕೇಳದೆ ಬಂದಳು. ಹೊಸ್ತಿಲಲ್ಲೇ ನಿಂತಳು. ಮಂಚಮ್ಮನ ತೊಡೆಯ ಮೇಲೆ ಕುಲಾವಿ, ಕೈಯಲ್ಲಿ ಸೂಜಿ.

"ಮಾತು ಕೊಟ್ಟು ಇದೇನ್ ಕೆಲ್ಸ ಮಂಚಮ್ಮ?"

"ಕೂಸಿಗಲ್ಲ ಕಣಕ್ಕಾ. ಗುಂಡಣ್ಣಂಗೆ."

"ಯಾವ ಗುಂಡಣ್ಣ?"

ಮಂಚಮ್ಮ ಎದ್ದು ಹೋಗಿ ಗುಂಡುಕಲ್ಲನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಬೀಗಿತ್ತಿಯ ಎದುರಿಗೇ ಅದಕ್ಕೆ ಕುಲಾವಿ ತೊಡಿಸಿ ಲಾಡಿ ಕಟ್ಟಿದಳು. ಅಳತೆ ಹೇಳಿ ಮಾಡಿಸಿದಂತೆ ಕೂತಿತು.

"ಕಲ್ಗೆ ಕುಲಾವಿಯಾ? ಬುದ್ಧಿ ನೆಟ್ಟಗದಾ ನಿಂಗೆ?"

"ಕೂಸು ಉಟ್ಟೋಕ್ ಮುಂಚೆ ಒಲೀಬಾರ್ದು, ನಿಜ. ಇವ್ನು ನಮ್ಮತ್ತೆ ಕಾಲ್ದಲ್ಲೇ ಉಟ್ಟವ್ನಲ್ವಕ್ಕಾ" ಎಂದಳು ಮಂಚಮ್ಮ, ಮೆಲ್ಲಗೆ.

ಜಗಲಿಯ ಮೇಲಿದ್ದ ಚಾಮಯ್ಯನಿಗೆ ನಗು ತಡೆಯಲಾರದೆ ಎಲೆಅಡಿಕೆ ನೆತ್ತಿಗೆ ಹತ್ತಿತು. ಕಲ್ಲಿಗೆ ಹೊಲಿಯಬಾರದು ಎನ್ನುವ ಗಾದೆ ದೊಡ್ಡತಾಯಮ್ಮನಿಗೆ ಹೊಳೆಯಲಿಲ್ಲ. ಯಾಕೆಂದರೆ ಅಂಥದ್ದೊಂದು ಇಲ್ಲ.

ನೋವು ಬಂದದ್ದು ಮಾರ್ಗಶಿರದ ಒಂದು ಬೆಳಿಗ್ಗೆ. ಸೂಲಗಿತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಂಚಮ್ಮ ಹೊರಗೆ ಗುಂಡಣ್ಣನ ತಲೆಯ ಮೇಲೆ ಅಂಗೈ ಊರಿಕೊಂಡು ಕೂತಳು. ಒಳಗೆ ಮುತ್ತಮ್ಮನ ಕೂಗು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ. ಸೂಲಗಿತ್ತಿ ಕೂಸಿನ ಬೆನ್ನಿಗೆ ತಟ್ಟಿದ ಸದ್ದು ಕೇಳಿಸಿತು, ಅದರ ಹಿಂದೆಯೇ ಓಣಿಗೆಲ್ಲ ಕೇಳುವಂಥ ಅಳು. ಮಂಚಮ್ಮ ಕಲ್ಲನ್ನು ತಬ್ಬಿಕೊಂಡು ತಾನೂ ಅತ್ತಳು.

ತೊಟ್ಟಿಲ ಶಾಸ್ತ್ರದ ದಿನ ಮೂಗೂರಿನಿಂದ ಬೀಗರೆಲ್ಲ ಬಂದರು. ಮೈ ಕೊರೆಯುವ ಚಳಿ. ಕೂಸಿಗೆ ದೊಡ್ಡತಾಯಮ್ಮ ತಂದಿದ್ದ ಹಳೆಯ ಸೀರೆಯ ತುಂಡನ್ನು ಸುತ್ತಿತ್ತು, ತಲೆ ಮಾತ್ರ ಬೋಳಾಗಿತ್ತು. ತೊಟ್ಟಿಲಲ್ಲಿ ಗುಂಡಣ್ಣ ಗಿಳಿಸಾಲಿನ ಕುಲಾವಿ ತೊಟ್ಟು ಜಮೀನ್ದಾರನ ಹಾಗೆ ಮಲಗಿದ್ದ. ಹಾಡು ಹೇಳಿ ತೂಗಿದ್ದಾಯಿತು. ಇನ್ನು ಕಲ್ಲನ್ನು ಎತ್ತಿ ಆ ಜಾಗದಲ್ಲಿ ಕೂಸನ್ನು ಮಲಗಿಸಬೇಕು. ಅದು ತಂದೆಯ ತಾಯಿಯ ಕೆಲಸ. ದೊಡ್ಡತಾಯಮ್ಮ ಗುಂಡಣ್ಣನನ್ನು ಎತ್ತಿ ಕೆಳಗಿಟ್ಟು ಕೂಸಿಗೆ ಕೈ ಚಾಚಿದಳು. ಕೂಸು ಸೀನಿತು. ಮತ್ತೆ ಸೀನಿತು.

ಆಗ ಮುತ್ತಮ್ಮ ಬಾಯಿಬಿಟ್ಟಳು. ಅತ್ತೆಯ ಮುಂದೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

"ಒಸಾದ್ ಬ್ಯಾಡ ಅಂದ್ರಿ ಅತ್ತೆ, ನಾವು ಆಕ್ನಿಲ್ಲ. ಅಣ್ಣ ಆಕ್ ಬುಟ್ಟುದ್ದು ತಮ್ಮಂಗೆ ಬರ್ತದೆ, ಎಲ್ಲಾರ್ ಮನೇಲೂ ಅಂಗೇ ಅಲ್ವಾ?"

ದೊಡ್ಡತಾಯಮ್ಮ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕುಲಾವಿಯ ಅಂಚನ್ನು ಬೆರಳಲ್ಲಿ ಸವರಿದಳು, ಒಳಗೆ ಕೈಹಾಕಿ ಪಂಚೆಯ ಮೆತ್ತನೆಯನ್ನು ಮುಟ್ಟಿ ನೋಡಿದಳು. ಅಂದು ಮಣ್ಣಿಗೆ ಹೋದದ್ದು ಅವಳ ಮೊಮ್ಮಗನೂ ಹೌದಲ್ಲ. ಯಾರನ್ನಾದರೂ ಬೈಯದೆ ಆ ದುಃಖ ಹೊರುವುದು ಅವಳಿಗೆ ತಿಳಿದಿರಲಿಲ್ಲ, ಅಷ್ಟೆ.

ಲಾಡಿ ಬಿಚ್ಚಿದಳು. ಕುಲಾವಿಯನ್ನು ತನ್ನ ಕೈಯಾರೆ ಕೂಸಿನ ತಲೆಗೆ ತೊಡಿಸಿ ಗದ್ದದಡಿಯಲ್ಲಿ ಕಟ್ಟಿದಳು. ಸೀನು ನಿಂತಿತು. ಹೆಂಗಸರು ಮತ್ತೆ ಹಾಡು ಎತ್ತಿಕೊಂಡರು. ಮಂಚಮ್ಮನಿಗೆ ಮಾತ್ರ ಕಣ್ಣು ಮಂಜಾಗಿ ಮೊಮ್ಮಗ ಸರಿಯಾಗಿ ಕಾಣಿಸಲಿಲ್ಲ. ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಅವು ಯಾರನ್ನೂ ತಿಂದಿರಲಿಲ್ಲ. ಅಷ್ಟು ವರ್ಷಗಳ ಭಾರ ಇಳಿದು, ಎದ್ದು ಕುಣಿಯಬೇಕು ಅನ್ನುವಷ್ಟು ಸಂತೋಷವಾಯಿತು ಅವಳಿಗೆ.

"ಏನ್ ನೋಡ್ತಾ ನಿಂತೆ ಬೀಗಿತ್ತೀ?" ದೊಡ್ಡತಾಯಮ್ಮ ಮೂಗು ಒರೆಸಿಕೊಂಡು ಗದರಿದಳು. "ಗುಂಡಣ್ಣ ಬರೀ ತಲೇಲಿ ಕುಂತವ್ನೆ. ಬೇಗ ಇನ್ನೊಂದು ಒಲಿ. ಅವನ್ಗೆ ಇನ್ನೂ ತಮ್ಮದೀರು, ತಂಗೇರು ಉಟ್ಬೇಕು."

ಮಂಚಮ್ಮ ಎಲ್ಲರೆದುರಿಗೇ ಡಬ್ಬಿ ತೆಗೆದು ಸೂಜಿಗೆ ದಾರ ಪೋಣಿಸಿದಳು.